ಹೊಸಪೇಟೆಯಿಂದ ವಿಜಯಪುರದವರೆಗೆ ಒಬ್ಬಳೇ: ದಾರಿಯ ಜನರ ಜೊತೆ ಬೆರೆಯೋದು ಹೇಗೆ?

ಪ್ರಶ್ನೆ: ಕಿಟಕಿ ಸೀಟು

ಜನವರಿಯಲ್ಲಿ ಆರು ದಿನ ರಜೆ ಇದೆ, ಒಬ್ಬಳೇ ಹೊರಡ್ತಿದ್ದೀನಿ. ಬೆಂಗಳೂರಿಂದ ರಾತ್ರಿ ರೈಲಿಗೆ ಹೊಸಪೇಟೆ, ಹಂಪಿ, ಆನೆಗೊಂದಿ, ಆಮೇಲೆ ಗದಗ, ಬಾದಾಮಿ, ಕೊನೆಗೆ ವಿಜಯಪುರ ನೋಡಿ ವಾಪಸ್. ಗುಡಿ, ಗುಹೆ, ಕೋಟೆಗಳ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತೆ. ನನಗೆ ಬೇಕಿರೋದು ದಾರಿಯಲ್ಲಿ ಸಿಗೋ ಜನ.

ಕೇಳಬೇಕಿರೋದು ಇಷ್ಟು. ಕಾರು ಮಾಡದೆ ಬಸ್ಸು, ರೈಲಲ್ಲೇ ಇದನ್ನ ಮುಗಿಸಬಹುದಾ? ಒಬ್ಬಳಿಗೆ ಲಾಡ್ಜಲ್ಲಿ ರೂಮ್ ಕೊಡ್ತಾರಾ? ಅಪರಿಚಿತರು ಚಹಾಕ್ಕೆ, ಊಟಕ್ಕೆ ಕರೆದರೆ ಎಲ್ಲಿವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು? ಮತ್ತೆ ನನ್ನದು ಮೈಸೂರು ಕಡೆ ಕನ್ನಡ. ಆ ಕಡೆ ಮಾತು ವೇಗವಾಗಿ ಬಂದರೆ ಅರ್ಧ ಹಾರಿಹೋಗುತ್ತೆ.

ಉತ್ತರ 1: ಟಿಕೆಟ್ ಚಿಲ್ಲರೆ

ಆರಾಮಾಗಿ ಮುಗಿಸಬಹುದು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಬೆಂಗಳೂರು ಬಿಟ್ಟು ಗುಂತಕಲ್, ಬಳ್ಳಾರಿ ಮೇಲೆ ಬೆಳಗ್ಗೆ ಹೊಸಪೇಟೆಗೆ ಬರುತ್ತೆ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ಮಾತ್ರ ತೆರೆಯೋದು, ಮೊದಲಿದ್ದ ನಾಲ್ಕು ತಿಂಗಳ ಲೆಕ್ಕ ಮರೆತುಬಿಡಿ. ಬುಕ್ ಮಾಡುವಾಗ ಜನರಲ್ ಕೋಟಾ ತುಂಬಿದ್ದರೆ ಅಲ್ಲಿಗೇ ಕೈಬಿಡಬೇಡಿ, ಲೇಡೀಸ್ ಕೋಟಾ ಆರಿಸಿ ನೋಡಿ. ಒಬ್ಬಳೇ ಹೋಗುವ ಹೆಂಗಸಿಗೆ ವಯಸ್ಸು ಎಷ್ಟಿದ್ದರೂ ಸ್ಲೀಪರ್‌ನಲ್ಲಿ ಅದಕ್ಕಾಗಿ ಕೆಲವು ಬರ್ತ್ ಇಟ್ಟಿರ್ತಾರೆ, ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ. ಅದೂ ಆಗದಿದ್ದರೆ ತತ್ಕಾಲ್: ಹಿಂದಿನ ದಿನ ಎಸಿಗೆ 10 ಗಂಟೆಗೆ, ಸ್ಲೀಪರ್‌ಗೆ 11ಕ್ಕೆ. ಆಧಾರ್ ಜೋಡಿಸಿದ ಖಾತೆ ಬೇಕು, ಅದನ್ನ ಆ ಹೊತ್ತಲ್ಲಿ ಜೋಡಿಸೋಕೆ ಕೂತರೆ ಟಿಕೆಟ್ ಹೋಯ್ತು ಅಂತಲೇ ಲೆಕ್ಕ.

ಮಾತು ಬೇಕು ಅಂದ್ರೆ ಬರ್ತ್ ಆರಿಸೋದೂ ಮುಖ್ಯ. ರಾತ್ರಿ ರೈಲಿಗೆ ಅಪ್ಪರ್ ತಗೊಳ್ಳಿ. ಹತ್ತು ಗಂಟೆವರೆಗೆ ಕೆಳಗೆ ಎಲ್ಲರ ಜೊತೆ ಕೂತು, ಸಾಕು ಅನ್ನಿಸಿದಾಗ ಯಾರಿಗೂ ಏನೂ ಹೇಳದೆ ಮೇಲೆ ಹತ್ತಬಹುದು. ಲೋಯರ್ ಆದರೆ ಪಕ್ಕದವರು ಏಳೋವರೆಗೆ ನೀವು ಮಲಗೋ ಹಾಗಿಲ್ಲ. ರಾತ್ರಿ 10ರಿಂದ ಬೆಳಗ್ಗೆ 6 ಮಲಗೋ ಹೊತ್ತು ಅಂತ ನಿಯಮವೇ ಇದೆ, ಅದನ್ನ ನಯವಾಗಿ ನೆನಪಿಸಬಹುದು.

ಹಗಲಿನ ಪಯಣ ಮಾತ್ರ ರಿಸರ್ವೇಶನ್ ಇಲ್ಲದ ಗಾಡಿಯಲ್ಲೇ ಇರಲಿ. ಹೊಸಪೇಟೆಯಿಂದ ಗದಗಕ್ಕೆ ಹುಬ್ಬಳ್ಳಿ ಕಡೆ ಹೋಗೋ ಪ್ಯಾಸೆಂಜರ್ ಹಿಡೀರಿ. ಕಾಲೇಜು ಮಕ್ಕಳು, ಸಂತೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ಎಲ್ಲ ಅದರಲ್ಲೇ.

ಬಸ್ಸಲ್ಲಿ ನಿಮಗೆ ಶಕ್ತಿ ಯೋಜನೆ ಇದೆ. ಹೊಸಪೇಟೆ, ವಿಜಯಪುರ ಕಲ್ಯಾಣ ಕರ್ನಾಟಕ ಸಾರಿಗೆಯವು, ಗದಗ, ಬಾದಾಮಿ ವಾಯವ್ಯ ಸಾರಿಗೆಯವು. ಎರಡರಲ್ಲೂ ಸಾದಾ ಬಸ್ಸಿಗೆ ನಡೆಯುತ್ತೆ. ರಾಜಹಂಸ, ಸ್ಲೀಪರ್, ಎಸಿಗೆ ಇಲ್ಲ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತಗೊಳ್ಳಲೇಬೇಕು, ಇಳಿಯೋವರೆಗೆ ಕೈಯಲ್ಲಿರಬೇಕು. ಚೆಕಿಂಗ್‌ನವರು ಹತ್ತಿದಾಗ ಆ ಚೀಟಿ ಇಲ್ಲದಿದ್ದರೆ ಕಂಡಕ್ಟರ್‌ಗೂ ತೊಂದರೆ.

ಜನ ಎಡವೋದು ಕೊನೇ ಬಸ್ಸಲ್ಲಿ. ಸಂಜೆ ಹಳ್ಳಿಗೆ ಹೋಗೋ ಬಸ್ಸು ಎಷ್ಟೋ ಸಲ ವಸ್ತಿ ಗಾಡಿ. ಅಂದ್ರೆ ಡ್ರೈವರ್, ಕಂಡಕ್ಟರ್ ಆ ಊರಲ್ಲೇ ಮಲಗಿ ಬೆಳಗ್ಗೆ ವಾಪಸ್ ಬರ್ತಾರೆ. ಅದನ್ನ ಹತ್ತಿದರೆ ನಿಮಗೂ ಅಲ್ಲೇ ವಸ್ತಿ. ಹತ್ತುವಾಗಲೇ "ಇದು ತಿರುಗಿ ಬರ್ತೈತೇನ್ರಿ, ವಸ್ತಿ ಐತಿ?" ಅಂತ ಕೇಳಿ. ಇಳಿಯುವಾಗ ಮತ್ತೊಂದು ಸಲ, ವಾಪಸ್ ಕೊನೇ ಗಾಡಿ ಎಷ್ಟಕ್ಕೆ ಅಂತ. ಮೊಬೈಲಲ್ಲಿ ಸಿಗೋ ವೇಳಾಪಟ್ಟಿಯನ್ನ ಈ ವಿಷಯಕ್ಕೆ ನಂಬಬೇಡಿ.

ಐಹೊಳೆ, ಪಟ್ಟದಕಲ್ಲು ಒಂದೇ ದಿನ ಮಾಡೋದಾದರೆ ದೂರದ ಐಹೊಳೆ ಮೊದಲು, ವಾಪಸ್ ಬರುವಾಗ ಪಟ್ಟದಕಲ್ಲು. ಪಟ್ಟದಕಲ್ಲಿಂದ ಬಾದಾಮಿ 22 ಕಿ.ಮೀ., ಗಾಡಿಗಳು ಸಿಗ್ತವೆ. ತಿರುಗುಮುರುಗು ಮಾಡಿದರೆ ಸಂಜೆ ಐಹೊಳೆಯಲ್ಲಿ ಕೂತು ರಸ್ತೆ ನೋಡೋದೇ ಕೆಲಸ. ಬಾದಾಮಿ ರೈಲು ನಿಲ್ದಾಣ ಊರಿಂದ 5 ಕಿ.ಮೀ. ದೂರ, ಹೊರಗೆ ಟಂಟಂ ಇರ್ತವೆ (ಆ ಕಡೆ ಶೇರ್ ಆಟೋಗೆ ಹಾಗಂತಾರೆ). ಸೀಟಿನ ಲೆಕ್ಕದಲ್ಲಿ ಕೂತರೆ ಅಗ್ಗ, ಅದೂ ಅಲ್ಲದೆ ಎಂಟು ಜನರ ಪರಿಚಯ ಉಚಿತ.

ಕೊನೇ ದಿನ ಬಾದಾಮಿಯಿಂದ ಬೆಳಗಿನ ರೈಲಿಗೆ ವಿಜಯಪುರ. ಗೋಲಗುಂಬಜ್ ನಿಲ್ದಾಣದ ಹತ್ತಿರವೇ ಇದೆ. ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗ್ಗೆ ಬೆಂಗಳೂರು.

ಉತ್ತರ 2: ಮಲಪ್ರಭಾ ದಂಡಿ

ಮೇಲಿನವ್ರು ಬಸ್ಸಿಂದ ಎಲ್ಲಾ ಹೇಳ್ಯಾರ, ನಾನು ಮಂದೀದು ಹೇಳ್ತೀನಿ.

ನಮ್ಮ ಕಡೆ ನೀವಾಗಿ ಮಾತು ಸುರು ಮಾಡೂದು ಏನೂ ಬ್ಯಾಡ್ರಿ, ಅವರಽ ಮಾಡ್ತಾರ. ಬಸ್ಸಿನ್ಯಾಗ ಕುಂತು ಎರಡು ಮಿನಿಟ್ ಆಗೂದ್ರಾಗ "ಯಾವೂರ್ರೀ?" ಅಂತ ಬರ್ತೈತಿ. ಅದರ ಬೆನ್ನಿಗೇ "ಒಬ್ರಽ ಬಂದೀರೇನು? ಮನಿಯಾಗ ಯಾರ್ಯಾರು ಅದಾರ? ಲಗ್ನ ಆಗೈತೇನು?" ಬೆಂಗಳೂರವ್ರಿಗೆ ಇದು ಪೊಲೀಸ್ ವಿಚಾರಣಿ ಅನಸ್ತೈತಿ. ಹಂಗಲ್ಲರಿ. ಒಬ್ಬಾಕಿ ಕುಂತಾಳ, ಯಾರರ ನೋಡ್ಕೋಬೇಕು ಅನ್ನೂ ಕಾಳಜಿ ಅದು. ಊರು ಹೇಳ್ರಿ, ಕೆಲಸ ಏನಂತ ಹೇಳ್ರಿ, ಹೇಳಿ ಮುಗಿಸಿ ನೀವಽ ತಿರಗಿ ಕೇಳ್ರಿ: "ನಿಮ್ದು ಹೊಲಾ ಐತ್ರಿ? ಈ ವರ್ಷ ಜ್ವಾಳ ಹೆಂಗೈತಿ?" ಜನವರಿಯಾಗ ಹಿಂಗಾರಿ ಜ್ವಾಳ ತೆನಿ ಹಿಡದಿರ್ತೈತಿ, ಕಡ್ಲಿ ಕಾಯಿ ಕಟ್ಟಿರ್ತಾವ. ಅಲ್ಲಿಗೆ ನಿಮ್ಮ ಪ್ರಶ್ನಿ ಮುಗದು ಅವರ ಕತಿ ಸುರು ಆಗ್ತೈತಿ. ಇಳಿಯೂ ಮುಂದ ಕೈಯಾಗ ಒಂದು ಸಿವುಡು ಹಸಿ ಕಡ್ಲಿ ಬಂದ್ರೂ ಬಂತು.

ಹೆಸರು ಕೇಳಿದ ಮ್ಯಾಲೆ ಅಡ್ಡಹೆಸರು ಕೇಳ್ತಾರ, ಇಲ್ಲಾ "ಯಾರ ಪೈಕಿ?" ಅಂತಾರ. ಅದು ಜಾತಿ ಕೇಳೂ ಪ್ರಶ್ನಿನ, ಮುಚ್ಚಿ ಹೇಳೂದೇನೈತಿ. ಹೇಳಾಕ ಮನಸಿಲ್ಲ ಅಂದ್ರ "ನಮ್ಮ ಕಡೆ ಅಡ್ಡಹೆಸರು ಇಲ್ರೀ, ಅಪ್ಪಾರ ಹೆಸರಽ" ಅಂತ ನಕ್ಕು ಬಿಡ್ರಿ. ಜಗ್ಗೂದಿಲ್ಲ ಯಾರೂ.

ಕರಿಯೂದು ಹೆಂಗ ಅಂದ್ರ: ವಯಸ್ಸಾದವರಿಗೆ ಅಜ್ಜಾರ, ಅಮ್ಮಾರ. ತಂದಿ ವಾರಿಗಿಯವರಿಗೆ ಕಾಕಾರ, ಹೆಣ್ಮಕ್ಕಳಿಗೆ ಅಕ್ಕಾರ. "ರೀ" ಒಂದು ಮರೀಬ್ಯಾಡ್ರಿ. ನಿಮ್ಮ "ಹೇಳಿ", "ಕೂತ್ಕೊಳಿ" ಇಲ್ಲಿ ಸ್ವಲ್ಪ ಬೋಳು ಕೇಳ್ತಾವ, "ಹೇಳ್ರಿ", "ಕುಂದರ್ರಿ" ಅಂದ್ರ ಮೈ ತುಂಬತೈತಿ. ತಿಳಿಲಿಲ್ಲ ಅಂದ್ರ "ಸಾವಕಾಶ ಹೇಳ್ರಿ" ಅನ್ನಿ. ನಮ್ಮ ಭಾಷಾ ಅಣಕ ಮಾಡಿ ಮಾತಾಡಾಕ ಮಾತ್ರ ಹೋಗಬ್ಯಾಡ್ರಿ. ಸಿನಿಮಾದಾಗ ಮಾಡ್ತಾರಲ್ಲ, ಅದು ಇಲ್ಲಿ ಯಾರಿಗೂ ನಗು ತರಂಗಿಲ್ಲ.

ಊಟಕ್ಕ ಹೊಟೇಲ್ ಬಿಟ್ಟು ಖಾನಾವಳಿಗೆ ಹೋಗ್ರಿ. ಒಂದು ಟೇಬಲ್ಲಿಗೆ ನಾಕು ಮಂದಿ, ಗುರ್ತಿಲ್ಲದವರಽ ಎದುರು ಬದುರು. ಬೋರ್ಡಿನ ಮ್ಯಾಲೆ ಲಿಂಗಾಯತ ಖಾನಾವಳಿ ಅಂತಿದ್ರ ಶಾಕಾಹಾರ. ಮಧ್ಯಾಹ್ನ ಒಂದರ ಸುಮಾರಿಗೆ ಹೋದ್ರ ಬಿಸಿ ರೊಟ್ಟಿ, ಮೂರರ ಮ್ಯಾಲೆ ಹೋದ್ರ ಕಡಕ್ ರೊಟ್ಟಿ. ಎಣ್ಣಿಗಾಯಿ, ಒಂದು ಕಾಳು ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮ್ಯಾಲೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ. ಕೆಂಪು ಖಾರದ ಚಟ್ನಿ ಬಂದ್ರ ಅದು ರಂಜಕ, ಮೊದಲು ಉಗರಿನಷ್ಟು ನೆಕ್ಕಿ ನೋಡಿ ಮೊಸರು ಕೇಳ್ರಿ. ರೂಢಿ ಇಲ್ಲದವ್ರು ಮೊದಲನೇ ದಿನಽ ನಾಕು ರೊಟ್ಟಿ ಹೊಡದು ರಾತ್ರಿ ಹೊಟ್ಟಿ ಹಿಡ್ಕೊಂಡು ಕುಂದರ್ತಾರ. ಎರಡಕ್ಕ ನಿಲ್ರಿ, ಆಮ್ಯಾಲೆ ಅನ್ನಾ ಸಾರು, ಮಜ್ಜಿಗಿ. ಬಡಿಸಾವ್ರು "ಇನ್ನೊಂದು ಹಾಕಲ್ರೀ?" ಅಂತ ಮೂರು ಸರ್ತಿ ಕೇಳ್ತಾರ. ಬ್ಯಾಡ ಅಂದ್ರ ತಾಟಿನ ಮ್ಯಾಲೆ ಕೈ ಅಡ್ಡ ಹಿಡೀಬೇಕು, ಬಾಯಿಮಾತು ನಡಿಯೂದಿಲ್ಲ.

ಬಾದಾಮಿಯಾಗ ಗುಹಾ ನೋಡೂದು ಎರಡು ತಾಸಿನ ಕೆಲಸ. ಅಗಸ್ತ್ಯ ತೀರ್ಥದ ಮೆಟ್ಟಿಲಿಗೆ ಮುಂಜಾನೆ ಅರಿವಿ ಒಗಿಯಾಕ ಹೆಣ್ಮಕ್ಕಳು ಬರ್ತಾರ, ಅಲ್ಲಿ ಒಂದು ಕಡೆ ಸುಮ್ನ ಕುಂದರ್ರಿ. ಕ್ಯಾಮೆರಾ ಹೊರಗ ತಗೀಬ್ಯಾಡ್ರಿ, ಅಷ್ಟಽ. ಆ ಕೆರಿ ದಂಡಿಯ ಬಂಡಿಗಲ್ಲಿನ ಮ್ಯಾಲಽ ಹಳೇ ಕಾಲದ ವೀರ ಕಪ್ಪೆ ಅರಭಟ್ಟನ ಶಾಸನ ಐತಿ. ಒಳ್ಳೆಯವರಿಗೆ ಒಳ್ಳೆಯವ, ಕಾಡಿದವರನ್ನ ಬಿಡದವ ಅಂತ ಅವನ ವರ್ಣನಾ. ನಮ್ಮ ಮಂದಿ ಸ್ವಭಾವಾನೂ ಬಹುತೇಕ ಅದಽ ಐತ್ರಿ. ಬಾದಾಮಿ ಮಂಗ್ಯಾಗೊಳಿಗೆ ಮಾತ್ರ ಇದು ಅನ್ವಯ ಆಗೂದಿಲ್ಲ, ಕೈಯಾಗಿನ ಪ್ಲಾಸ್ಟಿಕ್ ಚೀಲ ಕಂಡ್ರ ಕಸೀತಾವ. ಬಾಳೆಹಣ್ಣು, ಬಿಸ್ಕೀಟು ಬೆನ್ನಿನ ಬ್ಯಾಗಿನೊಳಗ ಇಟ್ಟು ಜಿಪ್ ಹಾಕ್ರಿ.

ಚಾಕ್ಕ ಕರದ್ರ ಪೂರಾ ಬ್ಯಾಡ ಅಂದ್ರ ಬ್ಯಾಸರ ಮಾಡ್ಕೋತಾರ. "ಅರ್ಧಾ ಕಪ್ಪು ಸಾಕ್ರಿ" ಅನ್ನಿ. ಮನಿಯೊಳಗ ಉಂಡಿದ್ದಕ್ಕ ರೊಕ್ಕಾ ಕೊಡಬ್ಯಾಡ್ರಿ, ಅದು ಅವಮಾನ. ಬ್ಯಾಗಿನ್ಯಾಗ ಅಮೀನಗಡದ ಕರದಂಟು ಸಣ್ಣ ಪಾಕೀಟು ಎರಡು ಮೂರು ಇರ್ಲಿ, ಐಹೊಳಿಗೆ ಹೋದ್ರ ಅಮೀನಗಡ ಹತ್ತರಽ. ಹುಡುಗರ ಕೈಗೆ ಕೊಟ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಹೊಂಡೂ ಮುಂದ ಮನಿ ಹೆಣ್ಮಕ್ಕಳು ಉಡಿ ತುಂಬತೀನಿ ಅಂದ್ರ ನಿಂತು ತುಂಬಿಸ್ಕೊಳ್ರಿ. ಸೀರಿ ಇರಲಿಕ್ಕಂದ್ರ ದುಪಟ್ಟಾ ಮುಂದ ಹಿಡೀರಿ. ಅಕ್ಕಿ, ಕಾಯಿ, ಒಂದು ಜಂಪರ್ ಪೀಸ್ (ಕುಪ್ಪಸದ ಅರಿವಿ) ಹಾಕ್ತಾರ.

ಉತ್ತರ 3: ಒಳಚಿಲಕ

ಲಾಡ್ಜ್ ಪ್ರಶ್ನೆಗೆ ನಾನು ಹೇಳ್ತೀನಿ. ಸಣ್ಣ ಊರುಗಳಲ್ಲಿ ಒಬ್ಬರಿಗೆ ರೂಮ್ ಕೊಡೋದಕ್ಕೆ ಹಿಂದೇಟು ಹಾಕೋದು ನಿಜ. ಹೆಂಗಸರಿಗೆ ಮಾತ್ರ ಅಂತಲ್ಲ, ಒಬ್ಬನೇ ಬಂದ ಗಂಡಸಿಗೂ "ಸಿಂಗಲ್ ಕೊಡಲ್ಲ" ಅಂತಾರೆ. ರೂಮಲ್ಲಿ ಏನಾದರೂ ಆಗಿ ಸ್ಟೇಷನ್‌ಗೆ ಅಲೆಯಬೇಕಾದೀತು ಅನ್ನೋ ಭಯ. ವಾದ ಮಾಡಿ ಪ್ರಯೋಜನ ಇಲ್ಲ, ಆ ಭಯ ಹೋಗಲಾಡಿಸಬೇಕು. ಹಿಂದಿನ ದಿನವೇ ಫೋನ್ ಮಾಡಿ, "ಒಬ್ಬಳೇ, ಎರಡು ರಾತ್ರಿ, ಬಾದಾಮಿ ನೋಡೋಕೆ, ಮಧ್ಯಾಹ್ನ ಬರ್ತೀನಿ" ಅಂತ ಪೂರ್ತಿ ಹೇಳಿ. ಸಂಜೆ ಆರಕ್ಕೆ ಮುಂಚೆ ಕೌಂಟರ್ ಮುಂದೆ ನಿಲ್ಲಿ. ರಾತ್ರಿ ಹತ್ತಕ್ಕೆ ಬ್ಯಾಗ್ ಹೊತ್ತು ನಿಂತರೆ ಇದ್ದ ರೂಮೂ ಇಲ್ಲ ಆಗುತ್ತೆ. ಗದಗದಂಥ ಊರಲ್ಲಿ ಮನೆಮಂದಿ ಇಳಿಯೋ ಲಾಡ್ಜ್ ಯಾವುದು ಅಂತ ಬಸ್ ನಿಲ್ದಾಣದ ಕಂಟ್ರೋಲರ್ ಹತ್ತಿರ ಕೇಳಿ, ಅವರಿಗೆ ಗೊತ್ತಿರುತ್ತೆ.

ಯಾವುದೂ ಬೇಡ ಅಂದ್ರೆ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲುಗಳಿವೆ: ಕಮಲಾಪುರದಲ್ಲಿ ಭುವನೇಶ್ವರಿ, ಬಾದಾಮಿಯಲ್ಲಿ ಚಾಲುಕ್ಯ, ವಿಜಯಪುರದಲ್ಲಿ ಆದಿಲ್‌ಶಾಹಿ. ಒಬ್ಬರು ಅಂತ ತಕರಾರು ಬರಲ್ಲ.

ಆಧಾರ್ ಜೆರಾಕ್ಸ್ ಕೇಳ್ತಾರೆ. ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ ಮಾಡಿದ ಪ್ರತಿಗಳನ್ನ ಮನೆಯಿಂದಲೇ ಒಯ್ಯಿರಿ, ಮೂಲ ಕಾರ್ಡ್ ತೋರಿಸಿ ವಾಪಸ್ ತಗೊಳ್ಳಿ. ರಿಜಿಸ್ಟರಲ್ಲಿ ರೂಮ್ ನಂಬರ್ ಬರೆದುಕೊಳ್ಳಲಿ, ಆದರೆ ಅದನ್ನ ಲಾಬಿಯಲ್ಲಿ ಗಟ್ಟಿಯಾಗಿ ಕೂಗಿದರೆ ಬೇರೆ ರೂಮ್ ಕೇಳಿ. ದುಡ್ಡು ಕೊಡೋ ಮೊದಲು ಬಾಗಿಲ ಒಳಚಿಲಕ, ಕಿಟಕಿಯ ಕೊಕ್ಕೆ, ಬಾತ್‌ರೂಮಿನ ಬೆಳಕಿಂಡಿ ನೋಡಿ. ಚಿಲಕ ಸಡಿಲ ಇದ್ದರೆ ಬಾಗಿಲ ಕೆಳಗೆ ತುರುಕೋ ರಬ್ಬರ್ ಬೆಣೆ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ.

ಈಗ "ಎಲ್ಲಿ ನಿಲ್ಲಬೇಕು" ಅನ್ನೋದು. ಮೇಲಿನ ಉತ್ತರದಲ್ಲಿ ಬಂದ ಮನೆ ಊಟ, ಉಡಿ ಎಲ್ಲ ನಿಜವೇ. ಆದರೆ ಕರೆದವರು ಯಾರು ಅನ್ನೋದು ನೋಡಿ. ಮನೆಗೆ ಕರೆದದ್ದು ಆ ಮನೆಯ ಹೆಂಗಸಾದರೆ, ಹಗಲಾಗಿದ್ದರೆ, ಊರ ನಡುವಿನ ಮನೆಯಾದರೆ ಹೋಗಿ. ಗಂಡಸು ಒಬ್ಬನೇ ಇದ್ದು "ನಮ್ಮ ಮನೆಯಲ್ಲಿ ಎಲ್ಲ ಇದ್ದಾರೆ ಬನ್ನಿ" ಅಂದರೆ, "ಅವರನ್ನೇ ಇಲ್ಲಿಗೆ ಕರೀರಿ, ಚಹಾ ಕುಡಿಯೋಣ" ಅನ್ನಿ. ನಿಜ ಇದ್ದವರು ಕರೀತಾರೆ, ಇಲ್ಲದವರು ಕಾಣೆಯಾಗ್ತಾರೆ. ಯಾರದೇ ಬೈಕಲ್ಲಿ "ಇಲ್ಲೇ ಶಾರ್ಟ್‌ಕಟ್" ಬೇಡ.

ತಿನ್ನೋದರಲ್ಲಿ ಒಂದೇ ನಿಯಮ: ಎಲ್ಲರೂ ಒಂದೇ ಡಬ್ಬಿಯಿಂದ ತಿಂತಿದ್ದರೆ ತಿನ್ನಿ, ನಿಮಗೊಬ್ಬರಿಗೇ ಬಿಚ್ಚಿದ ಬಿಸ್ಕತ್ತು, ತೆರೆದ ಜ್ಯೂಸ್ ಬಂದರೆ "ಇವತ್ತು ಉಪವಾಸ" ಅನ್ನಿ. ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆ ನೆಪ ಇಲ್ಲ, ಯಾರಿಗೂ ಬೇಜಾರಾಗಲ್ಲ.

ಎಲ್ಲಿ ಉಳೀತೀರಿ ಅಂತ ಕೇಳಿದರೆ ಊರಿನ ಹೆಸರು ಸಾಕು. ನಾಳೆ ಯಾರೋ ಬಂದು ಸೇರ್ಕೋತಾರೆ ಅಂತ ಒಂದು ಮಾತು ಸೇರಿಸಿ. ರೈಲಿನ ಪಿಎನ್‌ಆರ್, ಲಾಡ್ಜಿನ ಹೆಸರು ಮನೆಯಲ್ಲೊಬ್ಬರಿಗೆ ದಿನಾ ಕಳಿಸಿ. ಫೋಟೋ ಮಾತ್ರ ಆ ಜಾಗ ಬಿಟ್ಟ ಮೇಲೆ ಹಾಕಿ, ಅಲ್ಲೇ ಕೂತು ಹಾಕಬೇಡಿ. ರೈಲಲ್ಲಿ ತೊಂದರೆ ಆದರೆ 139, ಬೇರೆಲ್ಲ ಕಡೆ 112.

ಕಿಟಕಿ ಸೀಟು (ಮತ್ತೆ)

ಎಲ್ಲರಿಗೂ ಧನ್ಯವಾದ, ವಸ್ತಿ ಗಾಡಿ ವಿಷಯ ಗೊತ್ತೇ ಇರಲಿಲ್ಲ. ಇನ್ನೊಂದು: ಜನವರಿಯಲ್ಲಿ ಜಾತ್ರೆಗಳು ಇರ್ತವಲ್ಲ, ಆ ದಿನಗಳಿಗೆ ಹೊಂದಿಸಿ ಹೋಗೋದು ಒಳ್ಳೇದಾ, ತಪ್ಪಿಸೋದು ಒಳ್ಳೇದಾ?

ಉತ್ತರ 4: ಅಗಸಿ ಕಟ್ಟಿ

ಹೊಂದಿಸಿಕೊಳ್ಳಿ, ಆದರೆ ರೂಮ್ ಮೊದಲು ಹಿಡಿದುಕೊಂಡು. ಬನದ ಹುಣ್ಣಿಮೆಗೆ ಬನಶಂಕರಿ ತೇರು, ಬಾದಾಮಿಯಿಂದ 5 ಕಿ.ಮೀ. ಅದಾಗಿ ಎರಡನೇ ದಿನದ ಸುಮಾರಿಗೆ ಕೊಪ್ಪಳದ ಗವಿಮಠದ ತೇರು. ಕೊಪ್ಪಳ ಹೊಸಪೇಟೆ–ಗದಗ ರೈಲು ದಾರಿಯಲ್ಲೇ ಇದೆ, ಅಂದರೆ ನಿಮ್ಮ ದಾರಿಯಲ್ಲೇ. ಹುಣ್ಣಿಮೆ ಕೆಲವು ವರ್ಷ ಜನವರಿ ಮೊದಲ ವಾರಕ್ಕೇ ಬಂದುಬಿಡುತ್ತೆ, ಪಂಚಾಂಗ ನೋಡಿ.

ತೇರಿನ ದಿನ ಹೊಸಬರಿಗೆ ಬರೀ ನೂಕುನುಗ್ಗಲು. ಬನಶಂಕರಿ ಜಾತ್ರೆ ತೇರಾದ ಮೇಲೂ ವಾರಗಟ್ಟಲೆ ನಡೆಯುತ್ತೆ, ಮೂರು ನಾಲ್ಕು ದಿನ ಬಿಟ್ಟು ಹೋದರೆ ಅಂಗಡಿಯವರಿಗೂ ಮಾತಾಡೋ ಪುರಸೊತ್ತು ಇರುತ್ತೆ. ನಾಟಕ ಕಂಪನಿಗಳು ಅಲ್ಲೇ ಡೇರೆ ಹಾಕಿರ್ತವೆ. ರಾತ್ರಿ ಆಟ ಮುಗಿಯೋದು ತಡ, ಆ ಹೊತ್ತಿಗೆ ಬಾದಾಮಿಗೆ ಮರಳಲು ಗಾಡಿ ಇದೆಯೇ ಅಂತ ಮೊದಲೇ ಕೇಳಿ, ಇಲ್ಲದಿದ್ದರೆ ಸಂಜೆಯ ಆಟವೇ ಸಾಕು.

ಗವಿಮಠದ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಬುಟ್ಟಿ ಬುಟ್ಟಿಯಾಗಿ ಟ್ರ್ಯಾಕ್ಟರಿನಲ್ಲಿ ಬರುತ್ತೆ. ಊಟ ಮಾಡಿ ಎದ್ದುಬಿಟ್ಟರೆ ಯಾರ ಪರಿಚಯವೂ ಆಗಲ್ಲ. ಬಡಿಸೋ ಕಡೆ, ಕಾಯಿಪಲ್ಲೆ ಹೆಚ್ಚೋ ಕಡೆ ಹೋಗಿ "ಒಂದೆರಡು ತಾಸು ಸೇವಾ ಮಾಡ್ತೀನ್ರಿ" ಅಂತ ಕೇಳಿ. ಹೆಂಗಸರ ಗುಂಪಿನ ಜೊತೆ ಕೂತು ಉಳ್ಳಾಗಡ್ಡಿ ಹೆಚ್ಚಿದರೆ ಒಂದು ತಾಸಿನಲ್ಲಿ ಅವರ ಊರಿನ ಸುದ್ದಿ ಪೂರ್ತಿ ತಿಳಿಯುತ್ತೆ. ಪಂಕ್ತಿಯಲ್ಲಿ ಕೂತಾಗ ತಾಟಿನಲ್ಲಿ ಬಿಡಬಾರದು. ಮೊದಲ ಸಲ ಕಡಿಮೆ ಹಾಕಿಸಿಕೊಳ್ಳಿ, ಇನ್ನೊಮ್ಮೆ ಬಂದೇ ಬರ್ತಾರೆ.

ರಜೆಯನ್ನ ಡಿಸೆಂಬರ್ ಕೊನೆಗೆ ಹಿಂದೂಡೋ ಹಾಗಿದ್ದರೆ ಎಳ್ಳ ಅಮವಾಸ್ಯೆ ನೋಡಿ. ಅವತ್ತು ಇಡೀ ಮನೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೆ (ಭೂಮಿತಾಯಿಗೆ ಎಡೆಯಾಗಿ ಅಡುಗೆಯನ್ನ ಬೆಳೆಯ ಮೇಲೆ ಎರಚೋದು), ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ. ದಾರಿಯಲ್ಲಿ ಹೋಗೋರನ್ನ ಕರೆದು ಕೂರಿಸೋ ದಿನ ಅದು. ಹಳ್ಳಿಯ ಅಂಗಡಿ, ಖಾನಾವಳಿ ಬಹಳಷ್ಟು ಮುಚ್ಚಿರ್ತವೆ ಅನ್ನೋದು ನೆನಪಿರಲಿ. ಯಾರೂ ಕರೀದಿದ್ದರೆ ಉಪವಾಸವೇ!

ಉತ್ತರ 5: ಹಳೇ ನಕ್ಷೆ

ಹಂಪಿ ಬಗ್ಗೆ ಯಾರೂ ಬರೆದಿಲ್ಲ, ಅಲ್ಲೇ ಹೆಚ್ಚು ಎಚ್ಚರ ಬೇಕಿರೋದು. ಹಳೇ ಪ್ರವಾಸ ಬರಹಗಳಲ್ಲಿ ನದಿಯಾಚೆ ವಿರೂಪಾಪುರ ಗಡ್ಡೆಯಲ್ಲಿ ಉಳೀರಿ, ದೇಶ ವಿದೇಶದವರು ಸಿಗ್ತಾರೆ ಅಂತಿರುತ್ತೆ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಅಲ್ಲಿನ ರೆಸಾರ್ಟುಗಳನ್ನೆಲ್ಲ ತೆಗೆದಿದ್ದಾರೆ. ಈಗ ಉಳಿಯೋ ಜಾಗಗಳು ಸಾಣಾಪುರ, ಆನೆಗೊಂದಿ ಕಡೆ. ಸಾಣಾಪುರದ ಕಾಲುವೆ ದಂಡೆಗೆ ರಾತ್ರಿ ಹೋಗಲೇಬೇಡಿ, ಗುಂಪಲ್ಲೂ ಬೇಡ. 2025ರ ಮಾರ್ಚ್‌ನಲ್ಲಿ ಅಲ್ಲಿ ಪ್ರವಾಸಿಗರ ಮೇಲೆ ದಾಳಿ ನಡೆದದ್ದು ಗುಂಪಿನ ಮೇಲೇ. ಆನೆಗೊಂದಿ ಊರೊಳಗಿನ ಹೋಂಸ್ಟೇ ನನ್ನ ಮೊದಲ ಆಯ್ಕೆ, ಸುತ್ತ ಮನೆಗಳಿರ್ತವೆ.

ದೋಣಿ, ಹರಿಗೋಲು ಸಂಜೆ ನಿಲ್ಲುತ್ತೆ, ಡ್ಯಾಮಿಂದ ನೀರು ಬಿಟ್ಟರೆ ಹಗಲಲ್ಲೂ ನಿಲ್ಲುತ್ತೆ. ಆಗ ಬುಕ್ಕಸಾಗರದ ಸೇತುವೆ ಸುತ್ತಬೇಕು, ಆಟೋದವರು ಆ ಹೊತ್ತಿಗೆ ಕೇಳಿದ್ದೇ ಬೆಲೆ. ಐದರೊಳಗೆ ನಿಮ್ಮ ದಂಡೆಗೆ ಬಂದುಬಿಡಿ.

ಮಾತಂಗ ಬೆಟ್ಟಕ್ಕೆ ಸೂರ್ಯೋದಯಕ್ಕೆ ಕತ್ತಲಲ್ಲಿ ಒಬ್ಬರೇ ಹತ್ತಬೇಡಿ. ಹಿಂದಿನ ಸಂಜೆ ಲಾಡ್ಜಿನಲ್ಲೋ ತಿಂಡಿ ಅಂಗಡಿಯಲ್ಲೋ "ನಾಳೆ ಬೆಟ್ಟಕ್ಕೆ ಯಾರಾದರೂ ಹೋಗ್ತಿದ್ದೀರಾ" ಅಂತ ಕೇಳಿ, ಇಬ್ಬರು ಮೂವರು ಸಿಕ್ಕೇ ಸಿಗ್ತಾರೆ. ಹಂಪಿಯಲ್ಲಿ ಅಪರಿಚಿತರ ಪರಿಚಯ ಆಗೋ ಸುಲಭದ ದಾರಿಯೂ ಅದೇ.

ಆಟೋ ಮಾಡಿದರೆ ಜಾಗಗಳ ಹೆಸರು, ಕಾಯೋ ಹೊತ್ತು, ಒಟ್ಟು ಹಣ ಮೂರನ್ನೂ ಮೊಬೈಲಲ್ಲಿ ಬರೆದು ಅವರಿಗೇ ತೋರಿಸಿ. "ನೀವೇ ನೋಡಿ ಕೊಡಿ ಅಕ್ಕ" ಅಂದರೆ ಹತ್ತಬೇಡಿ. ಗೈಡ್ ಬೇಕಾದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ. ವಿಠ್ಠಲ ದೇವಾಲಯದ ಟಿಕೆಟ್ ಅದೇ ದಿನ ಕಮಲಮಹಲಿಗೂ ನಡೆಯುತ್ತೆ, ಬಿಸಾಡಬೇಡಿ. ಶುಕ್ರವಾರ ಕಮಲಾಪುರದ ಮ್ಯೂಸಿಯಂ ರಜೆ.

ಮಲಪ್ರಭಾ ದಂಡಿ

ಹಳೇ ನಕ್ಷೆಯವರು ಹೇಳಿದ್ದು ಖರೆ. ಇನ್ನೊಂದು ಮರ್ತಿದ್ದೆ: ಗುಳೇದಗುಡ್ಡಕ್ಕ ಅರ್ಧಾ ದಿನ ಇಟ್ಕೊಳ್ರಿ, ಬಾದಾಮಿಯಿಂದ ಬಸ್ಸು ಅದಾವ. ಖಣ (ಕುಪ್ಪಸದ ಅರಿವಿ) ನೇಯೂ ಮನಿಗೋಳು ಓಣಿಯೊಳಗ ಸಪ್ಪಳದ ಮ್ಯಾಲಽ ಗೊತ್ತಾಗ್ತಾವ. ಬಾಗಲದಾಗ ನಿಂತು "ಮಗ್ಗಾ ನೋಡ್ಬಹುದೇನ್ರಿ ಅಕ್ಕಾರ?" ಅಂತ ಕೇಳಿ, ಚಪ್ಪಲಿ ಬಿಟ್ಟು ಒಳಗ ಹೋಗ್ರಿ. ನಡುವ ಕೈ ಹಚ್ಚಬ್ಯಾಡ್ರಿ, ಒಂದು ಎಳಿ ಹರದ್ರ ಕೂಡ್ಸಾಕ ಹೊತ್ತು ಹಿಡೀತೈತಿ. ಕೊಳ್ಳೂದಿದ್ರ ಅವರಂತ್ಯಾಕಽ ಕೊಳ್ರಿ, ಒಂದು ಜಂಪರ್ ಪೀಸಾದ್ರೂ. ನಗದು ಇಟ್ಕೊಂಡು ಹೋಗ್ರಿ, ಐನೂರರ ನೋಟಿಗೆ ಚಿಲ್ಲರ ಇರಂಗಿಲ್ಲ ಅಲ್ಲಿ.